ಮೈಕ್ರೋಮೀಟರೂ ಇವರ ಬೆರಳೂ

ನಮ್ಮ ಮನೆಯಲ್ಲಿ ಮೈಕ್ರೋಮೀಟರ್ ಮುಟ್ಟುವ ಹಕ್ಕು ಒಬ್ಬರಿಗೇ ಇತ್ತು, ನನ್ನ ಗಂಡನಿಗೆ. ದೇವರ ಮುಂದಿನ ಬೆಳ್ಳಿ ಬಟ್ಟಲನ್ನು ಓಣಿಯ ಮಕ್ಕಳು ಎತ್ತಿಕೊಂಡು ಆಡಿದರೂ ಅವರು ಏನೂ ಅನ್ನುತ್ತಿರಲಿಲ್ಲ. ಆದರೆ ಆ ಪುಟ್ಟ ಕಟ್ಟಿಗೆ ಪೆಟ್ಟಿಗೆಯ ಹತ್ತಿರ ನನ್ನ ಸೆರಗು ಹಾಯ್ದರೂ ಸಾಕು, ಲೇಥ್ ನಿಲ್ಲಿಸಿ ತಿರುಗಿ ನೋಡುತ್ತಿದ್ದರು. ಮದುವೆಯಾದ ಹೊಸದರಲ್ಲಿ ನನಗೆ ಇದರಿಂದ ಮೈಯೆಲ್ಲ ಉರಿಯುತ್ತಿತ್ತು. ಹೆಂಡತಿಯನ್ನು ಬಿಟ್ಟು ದಪ್ಪ ಅಳೆಯುವ ಒಂದು ಕಬ್ಬಿಣದ ಲಾಳವನ್ನು ಇಷ್ಟು ಜೋಪಾನ ಮಾಡುವ ಗಂಡಸನ್ನು ನಮ್ಮ ಗಡಹಿಂಗ್ಲಜ ಕಡೆ ಯಾರೂ ಕಂಡಿರಲಿಲ್ಲ.

ಎಪ್ಪತ್ತರ ದಶಕದ ನಡುವಿನ ಮಾತು. ಇಚಲಕರಂಜಿಯಲ್ಲಿ ನಾವು ಬಾಡಿಗೆಗಿದ್ದ ಮನೆಯ ಹಿಂದೆ ಒಂದು ತಗಡಿನ ಶೆಡ್ಡು, ಶೆಡ್ಡಿನಲ್ಲಿ ಉಕ್ಕು ಕಡೆಯುವ ಒಂದು ಹಳೆಯ ಲೇಥ್. ಸುತ್ತಲೂ ಮಗ್ಗಗಳ ಖಟಾಖಟ್. ಅಲ್ಲಿ ಗಂಡ ಹೆಂಡತಿ ಗುಟ್ಟು ಮಾತಾಡಬೇಕೆಂದರೂ ಕೂಗಿಯೇ ಆಡಬೇಕು. ನನ್ನ ದನಿ ಮೊದಲೇ ದೊಡ್ಡದು. ಕುರಿ ಕಾಯುವ ಮನೆತನ ನಮ್ಮದು, ಈ ಗುಡ್ಡದಿಂದ ಆ ಗುಡ್ಡಕ್ಕೆ ಕೂಗಿ ಮಾತಾಡುವವರ ನಡುವೆ ಬೆಳೆದವಳು ನಾನು. ಇವರೂ ಕುರಿಯವರ ಮನೆಯವರೇ, ನಮ್ಮ ಪಕ್ಕದ ಊರಿನವರೇ. ಆದರೆ ಎಳೆಯ ವಯಸ್ಸಿನಲ್ಲೇ ಕೊಲ್ಹಾಪುರಕ್ಕೆ ಹೋಗಿ ಟರ್ನರ್ ಕೆಲಸ ಕಲಿತು ಸ್ವಂತ ಲೇಥ್ ಹಾಕಿಕೊಂಡಿದ್ದರು. ಕೊಲ್ಹಾಪುರದ ಒಂದು ಪಂಪಿನ ಕಾರ್ಖಾನೆಗೆ ಸಣ್ಣ ಶಾಫ್ಟುಗಳನ್ನು ಮಾಡಿಕೊಡುವುದು ನಮ್ಮ ಅನ್ನ.

ಗೇಣುದ್ದದ ಶಾಫ್ಟು. ಅದರ ತುದಿ ಬೇರಿಂಗಿನೊಳಗೆ ಕೈಯಿಂದ ಒತ್ತಿದರೆ ಹೋಗಿ ಕೂರಬೇಕು. ದಪ್ಪ ಒಂದಿಷ್ಟು ಹೆಚ್ಚಾದರೆ ಹೋಗುವುದಿಲ್ಲ, ಒಂದಿಷ್ಟು ಕಡಿಮೆಯಾದರೆ ಒಳಗೆ ಅಲ್ಲಾಡುತ್ತದೆ. ಆ ಒಂದಿಷ್ಟು ಎಂದರೆ ಎಷ್ಟು? ಮಿಲಿಮೀಟರನ್ನು ನೂರು ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು. ಇವರು ಅದಕ್ಕೆ ಪಾಯಿಂಟ್ ಅನ್ನುತ್ತಿದ್ದರು. ನಾನು ನಂಬಲಿಲ್ಲ. ಅಷ್ಟು ಸಣ್ಣದು ಯಾರ ಕಣ್ಣಿಗೆ ಕಾಣುತ್ತದೆ, ಕಂಡರೂ ಅದನ್ನು ಕಟ್ಟಿಕೊಂಡು ಏನು ಮಾಡುವುದು ಅಂದೆ. ಇವರು ನಕ್ಕು, ನನ್ನ ಜಡೆಯಿಂದ ಒಂದು ಕೂದಲು ಕಿತ್ತು, ಮೈಕ್ರೋಮೀಟರಿನ ಎರಡು ಉಕ್ಕಿನ ಹಲ್ಲುಗಳ ನಡುವೆ ಹಿಡಿದು ಮೆಲ್ಲಗೆ ತಿರುಗಿಸಿದರು.

"ಏಳು ಪಾಯಿಂಟ್," ಅಂದರು. "ನಿನ್ನ ನಾಲಗಿಗಿಂತ ಭಾಳ ಮೆತ್ತಗೈತಿ."

ಆ ಕೂದಲು ಜಜ್ಜಿಹೋಗಿರಲಿಲ್ಲ, ಬಾಗಿರಲಿಲ್ಲ. ಇವರ ಬೆರಳು ಅಷ್ಟು ಹಗುರ. ಅಂದು ನನಗೆ ಇವರ ಮೇಲೆ ಪ್ರೀತಿ ಹುಟ್ಟಿತು ಎಂದು ಹೇಳಲು ನಾಚಿಕೆಯೇನಿಲ್ಲ.

ಆ ಉಪಕರಣದ ತುದಿಯಲ್ಲಿ ಒಂದು ಸಣ್ಣ ಗುಂಡಿ ಇರುತ್ತದೆ, ರ‍್ಯಾಚೆಟ್ ಎಂದು ಅದರ ಹೆಸರು. ಅದನ್ನು ಹಿಡಿದು ತಿರುಗಿಸಿದರೆ ಹಲ್ಲುಗಳು ವಸ್ತುವನ್ನು ಮುಟ್ಟಬೇಕಾದಷ್ಟು ಮುಟ್ಟಿದ ಮೇಲೆ ಗುಂಡಿ ಕರಕರ ಅಂತ ಬರಿದೇ ತಿರುಗುತ್ತದೆ, ಇನ್ನು ಬಿಗಿಯುವುದಿಲ್ಲ. ಯಾರು ಅಳೆದರೂ ಅಳತೆ ಒಂದೇ ಬರಲಿ ಎಂದು ಅದನ್ನು ಇಟ್ಟಿರುವುದು. ಆದರೆ ಹಳೆಯ ಟರ್ನರುಗಳು ಅದನ್ನು ಮುಟ್ಟುವುದೆಂದರೆ ಅವಮಾನ ಎಂದು ತಿಳಿಯುತ್ತಿದ್ದರು. ಗೆರೆ ಕೊರೆದ ಹಿಡಿಯ ಕೊಳವೆಯನ್ನೇ ಎರಡು ಬೆರಳಲ್ಲಿ ಹಿಡಿದು ತಿರುಗಿಸಿ, ಉಕ್ಕಿಗೆ ಉಕ್ಕು ತಾಗಿದ್ದನ್ನು ಕೈಯ ಹದದಿಂದಲೇ ತಿಳಿದು ನಿಲ್ಲಿಸುತ್ತಿದ್ದರು. ರ‍್ಯಾಚೆಟ್ ತಿರುಗಿಸುವವನನ್ನು ಕಂಡರೆ, "ಏನಪಾ, ಗಡಿಯಾರಕ್ಕ ಚಾವಿ ಕೊಡಾಕತ್ತೀ?" ಅಂತ ಕೆಣಕುತ್ತಿದ್ದರು. ಹಟದಲ್ಲಿ ಇವರು ಎಲ್ಲರಿಗಿಂತ ಒಂದು ಕೈ ಮೇಲು.

ಕೆಲಸ ಹೆಚ್ಚಾದಾಗ ಬೇರೆ ದಾರಿ ಕಾಣದೆ ನನಗೂ ಅಳೆಯುವುದನ್ನು ಹೇಳಿಕೊಟ್ಟರು. ತಯಾರಾದ ಶಾಫ್ಟುಗಳ ಎಣ್ಣೆ ಒರೆಸಿ, ಅಳೆದು, ಕಾಗದ ಸುತ್ತಿ ಇಡುವುದು ನನ್ನ ಪಾಲಿಗೆ ಬಂತು.

"ನೀ ಮಾತ್ರ ಆ ಕರಕರಿ ಹಿಡದ ತಿರುವು," ಅಂದರು. "ಹದಾ ಅನ್ನೂದು ವರ್ಷಗಟ್ಲೆ ಕೈಯಾಗ ಬೆಳೀಬೇಕು."

"ಎರಡೂ ಹೊತ್ತು ರೊಟ್ಟಿ ಬಡಿಯಾಕಿಗೆ ಹದಾ ಹೇಳಿಕೊಡ್ತೀರೇನ್ರಿ?" ಅಂದೆ.

ಅಂದರೂ ಕರಕರಿಯನ್ನೇ ಹಿಡಿದೆ. ನನಗೆ ಅದರಲ್ಲೇನೂ ಅವಮಾನ ಕಾಣಲಿಲ್ಲ. ಇವರ ಅಳತೆಗೂ ನನ್ನ ಅಳತೆಗೂ ಕೂದಲೆಳೆಯ ಅಂತರವೂ ಬರುತ್ತಿರಲಿಲ್ಲ. ಹಾಗೆ ಎರಡು ಮೂರು ವರ್ಷ ಸುಖವಾಗಿ ಕಳೆದವು.

ಆಮೇಲೆ ಒಂದು ಮಳೆಗಾಲದಲ್ಲಿ ನಾನು ಬಾಣಂತನಕ್ಕೆಂದು ತವರಿಗೆ ಹೋಗಿದ್ದೆ. ಕೂಸು ಉಳಿಯಲಿಲ್ಲ. ಆ ಮಾತು ಇಲ್ಲಿ ಬೇಡ. ತಿರುಗಿ ಇಚಲಕರಂಜಿಗೆ ಬಂದ ವಾರದಲ್ಲೇ ಕೊಲ್ಹಾಪುರದಿಂದ ಟೆಂಪೋದವನು ಒಂದು ಗೋಣಿಚೀಲ ತಂದು ಶೆಡ್ಡಿನ ಬಾಗಿಲಲ್ಲಿ ಇಳಿಸಿದ. ನಾನು ಇಲ್ಲದಾಗ ಇವರೊಬ್ಬರೇ ಮಾಡಿ ಅಳೆದು ಕಳಿಸಿದ್ದ ಶಾಫ್ಟುಗಳು. ಒಂದೂ ಬೇರಿಂಗಿನೊಳಗೆ ಹೋಗುತ್ತಿಲ್ಲವಂತೆ.

ಇವರು ಚೀಲ ಬಿಚ್ಚಿ ಅಲ್ಲೇ ಕುಕ್ಕುರುಗಾಲಲ್ಲಿ ಕುಳಿತು ಒಂದೊಂದನ್ನೇ ಅಳೆದರು. ಬರೋಬರಿ ಇತ್ತು. ನಾನು ಅಳೆದೆ. ಎರಡು ಪಾಯಿಂಟ್ ಹೆಚ್ಚಿತ್ತು. ಇವರು ಮತ್ತೆ ಅಳೆದರು, ಬರೋಬರಿ. ನಾನು ಮತ್ತೆ ಅಳೆದೆ, ಎರಡು ಪಾಯಿಂಟ್ ಹೆಚ್ಚು.

"ನಿನ್ನ ಕರಕರಿ ಸಡಲ ಆಗೇತಿ," ಅಂದರು.

"ಹಂಗಾರ ಬೇರಿಂಗಿನೊಳಗ ಯಾಕ ಹೋಗವಲ್ಲವು?"

"ಅವರ ಬೇರಿಂಗ ಸಣ್ಣ ಇರಬೇಕು."

"ಹೌದ್ರಿ, ಕುಣಿಯಾಕ ಬರದಾಕಿ ನೆಲ ಡೊಂಕ ಅಂದಳಂತ," ಅಂದೆ. ಮೂರು ದಿನ ಇವರು ಅವೇ ಶಾಫ್ಟುಗಳನ್ನು ಅಳೆದು ಅಳೆದು ಇಟ್ಟರು.

ಕೊನೆಗೆ ಮೈಕ್ರೋಮೀಟರನ್ನು ಹೆಗಲಚೀಲದಲ್ಲಿ ಹಾಕಿಕೊಂಡು ಕೊಲ್ಹಾಪುರಕ್ಕೆ ಹೋದರು. ಕಾರ್ಖಾನೆಯಲ್ಲಿ ಅಳತೆ ನೋಡುವವರ ಹತ್ತಿರ ನಯಗೊಳಿಸಿದ ಉಕ್ಕಿನ ತುಂಡುಗಳಿರುತ್ತವೆ, ಅವುಗಳ ದಪ್ಪದಲ್ಲಿ ತಪ್ಪು ಇರುವುದಿಲ್ಲ. ಅವುಗಳ ಮೇಲೆ ಇಟ್ಟು ಪರೀಕ್ಷೆ ಮಾಡಿದರಂತೆ. ನಮ್ಮ ಮೈಕ್ರೋಮೀಟರಿಗೆ ಏನೂ ಆಗಿರಲಿಲ್ಲ. ಸಂಜೆಯ ಎಸ್.ಟಿ. ಬಸ್ಸಿಗೆ ತಿರುಗಿ ಬಂದವರು ಚಹಾ ಕೂಡ ಕುಡಿಯದೆ ಹಾಸಿಗೆಗೆ ಹೋದರು.

ಮರುದಿನ ಅವರಿಗೆ ತಿಳಿಯದ ಹಾಗೆ ನಿಂತು ನೋಡಿದೆ. ಶಾಫ್ಟು ಹಿಡಿದು ಕೊಳವೆ ತಿರುಗಿಸುತ್ತಿದ್ದರು. ಉಕ್ಕಿಗೆ ಉಕ್ಕು ತಾಗಿತು, ನನಗೆ ಕಾಣುತ್ತಿತ್ತು. ಇವರು ನಿಲ್ಲಿಸಲಿಲ್ಲ. ಇನ್ನಷ್ಟು ತಿರುಗಿಸಿದರು. ಹೆಬ್ಬೆರಳಿನ ಉಗುರು ಬೆಳ್ಳಗಾಯಿತು. ಅಷ್ಟು ಬಿಗಿ ಹಿಡಿದರೆ ಲಾಳ ಒಂದಿಷ್ಟು ಬಾಗಿ, ಇದ್ದುದಕ್ಕಿಂತ ಕಡಿಮೆ ಅಳತೆ ತೋರಿಸುತ್ತದೆ. ಆಮೇಲೆ ಇವರು ಹಲ್ಲುಗಳ ನಡುವೆ ಏನೂ ಇಡದೆ ಬರಿದೇ ಮುಚ್ಚಿ ನೋಡಿದರು. ಸೊನ್ನೆಯ ಗೆರೆಗೆ ನಿಲ್ಲಬೇಕಾದ ಕೊಳವೆ ಅದನ್ನು ದಾಟಿ ಎರಡು ಗೆರೆ ಆಚೆ ಹೋಗಿತ್ತು. ಇವರು ಅದನ್ನು ದಿಟ್ಟಿಸುತ್ತಾ ಕುಳಿತರು. ಇವರಿಗೆ ತಾಗಿದ್ದು ತಿಳಿಯುತ್ತಿರಲಿಲ್ಲ.

ಆಗ ನನಗೆ ಒಂದೊಂದೇ ಹೊಳೆಯತೊಡಗಿತು. ಹಂಚಿನ ಮೇಲಿನ ರೊಟ್ಟಿಯನ್ನು ಬರಿಗೈಲಿ ಎತ್ತುತ್ತಿದ್ದರು, ನಾನು ಗಂಡಸಿನ ಕೈ ಎಂದು ಬೀಗುತ್ತಿದ್ದೆ. ಲೇಥಿನಿಂದ ನೀಲಿಯಾಗಿ ಸುರುಳಿ ಬೀಳುವ ಸುಡುಸುಡು ಚೂರನ್ನು ಬೆರಳಲ್ಲೇ ತೆಗೆಯುತ್ತಿದ್ದರು, ಬೊಬ್ಬೆ ಬಂದರೂ ಹುಳ ಕಡಿದಿದೆ ಅನ್ನುತ್ತಿದ್ದರು. ಮೊಣಕೈ ಕೆಳಗೆ ಒಂದು ಬಿಳಿಚಿದ ಮಚ್ಚೆ ಇತ್ತು, ಚಿಬ್ಬು ಎಂದು ನಾನೇ ಬೇವಿನೆಣ್ಣೆ ಹಚ್ಚಿದ್ದೆ.

ಭಾನುವಾರ ಮಧ್ಯಾಹ್ನ ಇವರು ಪೇಪರ್ ಓದುತ್ತಾ ಕುಳಿತಿದ್ದರು. ನಾನು ಪಕ್ಕದಲ್ಲಿ ಕೌದಿ ಹೊಲಿಯುತ್ತಿದ್ದೆ. ಕೈಲಿದ್ದ ಸೂಜಿಯಿಂದ ಇವರ ಕಿರುಬೆರಳನ್ನು ಮುಟ್ಟಿದೆ. ಓದುತ್ತಲೇ ಇದ್ದರು. ಒತ್ತಿದೆ. ಪುಟ ತಿರುಗಿಸಿದರು. ಪೇಪರಿನ ಮೇಲೆ ರಕ್ತದ ಹನಿ ಬಿದ್ದದ್ದು ಕಂಡು, "ಏ, ಇದ ಎಲ್ಲಿಂದ ಬಂತಿದು?" ಅಂದರು. ನನ್ನ ಕೈಯ ಸೂಜಿ ನೋಡಿದರು, ನನ್ನ ಮುಖ ನೋಡಿದರು. ಇಬ್ಬರಿಗೂ ಹೆದರಿಕೆಯಾಯಿತು.

ಆ ರೋಗದ ಹೆಸರನ್ನು ನಾವಿಬ್ಬರೂ ಬಾಯಿಂದ ಆಡಲಿಲ್ಲ. ಕುಷ್ಠಕ್ಕೆ ನಮ್ಮ ಕಡೆ ಮಹಾರೋಗ ಅನ್ನುತ್ತಿದ್ದರು. ನಮ್ಮೂರಲ್ಲಿ ಅದಾದವನೊಬ್ಬನನ್ನು ಊರ ಹೊರಗೆ ಕುರಿದೊಡ್ಡಿಯ ಆಚೆ ಇರಿಸಿದ್ದರು. ಅವನ ತಾಯಿ ದೂರದಿಂದ ರೊಟ್ಟಿ ಇಟ್ಟು ಬರುವುದನ್ನು ಸಣ್ಣವಳಿದ್ದಾಗ ಕಣ್ಣಾರೆ ಕಂಡಿದ್ದೆ. ದವಾಖಾನೆಗೆ ಹೋಗೋಣ ಎಂದರೆ ಇವರು ಒಪ್ಪಲಿಲ್ಲ. ತಮ್ಮ ತಂಗಿಗೆ ಆಜರಾ ಕಡೆಯ ವರ ಗೊತ್ತಾಗಿತ್ತು, ಸುದ್ದಿ ತಿಳಿದರೆ ಸಂಬಂಧ ಮುರಿಯುತ್ತದೆ ಅಂದರು. ಕಾರ್ಖಾನೆಯವರು ಕೆಲಸ ಕೊಡುವುದಿಲ್ಲ ಅಂದರು. ಮನೆಯ ಮಾಲೀಕ ಹೊರಗೆ ಹಾಕುತ್ತಾನೆ ಅಂದರು.

"ಅಡಕಿಗಿ ಹೋದ ಮಾನ ಆನಿ ಕೊಟ್ರೂ ಬರೂದಿಲ್ಲ," ಅಂದರು.

"ಬೆರಳ ಹೋದರ ಆನಿ ತಗೊಂಡ ಏನ ಮಾಡ್ತೀರಿ?" ಅಂತ ಚೀರಿದೆ. ಮಗ್ಗದ ಗದ್ದಲದಲ್ಲಿ ನಮ್ಮ ಜಗಳ ಓಣಿಗೆ ಕೇಳಿಸಲಿಲ್ಲ, ಅದೊಂದು ಪುಣ್ಯ.

ಬೆರಳು ಹೋಗುತ್ತದೆ ಎನ್ನುವ ಮಾತಿಗೆ ಮಾತ್ರ ಇವರು ಸೋತರು. ಇಚಲಕರಂಜಿಯಲ್ಲಿ ಬೇಡವೆಂದು ಕೊಲ್ಹಾಪುರದ ಒಂದು ದವಾಖಾನೆಗೆ ಹೋದೆವು. ಡಾಕ್ಟರು ವಯಸ್ಸಾದವರು, ಮರಾಠಿಯವರು. ಇವರಿಗೆ ಕಣ್ಣು ಮುಚ್ಚಲು ಹೇಳಿ ಹತ್ತಿಯ ಎಳೆಯಿಂದ ಬೆರಳುಗಳನ್ನು ಒಂದೊಂದಾಗಿ ಮುಟ್ಟಿದರು, ಮುಟ್ಟಿದಾಗ ಹೇಳಿ ಅಂದರು. ಇವರು ಕಣ್ಣು ಮುಚ್ಚಿಕೊಂಡು ಕಾದರು, ಕಾಯುತ್ತಲೇ ಇದ್ದರು. ಡಾಕ್ಟರು ಮುಟ್ಟಿ ಮುಗಿಸಿ ಹತ್ತಿ ಬಿಸಾಡಿದ ಮೇಲೆ ಇವರು, "ಇನ್ನೂ ಸುರೂ ಮಾಡಿಲ್ಲೇನ ಅವರು?" ಅಂತ ನನ್ನನ್ನು ಕೇಳಿದರು. ನಾನು ಬಾಗಿಲ ಕಡೆ ಮುಖ ತಿರುಗಿಸಿದೆ.

ಡಾಕ್ಟರು ಒಳ್ಳೆಯ ಮನುಷ್ಯ. ಇದು ಯಾವ ಶಾಪವೂ ಅಲ್ಲ ಪಾಪವೂ ಅಲ್ಲ, ಗುಳಿಗೆ ತಪ್ಪದೆ ನುಂಗಿದರೆ ರೋಗ ನಿಲ್ಲುತ್ತದೆ, ಒಟ್ಟಿಗೆ ಉಣ್ಣಿ, ಒಟ್ಟಿಗೆ ಇರಿ, ಏನೂ ಆಗುವುದಿಲ್ಲ ಅಂದರು. ಇವರು ಅದಾವುದನ್ನೂ ಕೇಳಿಸಿಕೊಳ್ಳಲಿಲ್ಲ. ಕೇಳಿದ್ದು ಒಂದೇ ಮಾತು, ಬೆರಳಿಗೆ ಜೀವ ತಿರುಗಿ ಬರುತ್ತದೋ ಇಲ್ಲವೋ.

"ಸಾಂಗತಾ ಯೇತ ನಾಹೀ," ಅಂದರು ಡಾಕ್ಟರು. ಹೇಳಲಿಕ್ಕೆ ಆಗುವುದಿಲ್ಲ, ಕೆಲವರಿಗೆ ಬರುತ್ತದೆ, ಕೆಲವರಿಗೆ ಇಲ್ಲ.

ಬಸ್ಸಿನಲ್ಲಿ ಕುಳಿತಾಗ ಇವರು, "ಕೆಲವರಿಗಿ ಬರತೈತಂತ ಅಂದ್ರಲ್ಲ," ಅಂದರು. ಹಾತಕಣಂಗಲೆ ದಾಟಿದ ಮೇಲೆ ಇನ್ನೊಮ್ಮೆ ಅದನ್ನೇ ಅಂದರು.

ರ‍್ಯಾಚೆಟ್ ಇದ್ದ ಮೇಲೆ ಕೆಲಸಕ್ಕೇನು ಅಡ್ಡಿ ಎಂದು ನೀವು ಕೇಳಬಹುದು. ಅಡ್ಡಿಯಿಲ್ಲ. ಗುಂಡಿ ತಿರುಗಿಸಿದರೆ ಸತ್ತ ಬೆರಳಿಗೂ ಸರಿಯಾದ ಅಳತೆಯೇ ಬರುತ್ತದೆ. ಒಂದಿಷ್ಟು ದಿನ ಮುಖ ಊದಿಸಿಕೊಂಡು, ಆಮೇಲೆ ಇವರೂ ಕರಕರಿ ಹಿಡಿದರು. ಶಾಫ್ಟುಗಳು ಮತ್ತೆ ಪಾಸಾದವು. ಅನ್ನಕ್ಕೆ ಕಲ್ಲು ಬೀಳಲಿಲ್ಲ. ಆದರೆ ಇವರಿಗೆ ಬೇಕಾಗಿದ್ದು ಬರೀ ಅನ್ನವಲ್ಲ. ಸಾಣೆ ಹಿಡಿದ ಟೂಲಿನ ಅಲಗು ಬೆರಳಲ್ಲಿ ಸವರಿ ನೋಡುವುದು, ತಿರುಗಿ ನಿಂತ ಶಾಫ್ಟಿನ ಮೈ ಮೇಲೆ ಉಗುರು ಎಳೆದು ನಯ ತಿಳಿಯುವುದು, ಇವೆಲ್ಲ ಹೋಗಿದ್ದವು. ಮಾಡಿದ್ದು ತನ್ನದು ಅನ್ನಿಸುವುದಿಲ್ಲ ಅನ್ನುತ್ತಿದ್ದರು. ಸಮಾಧಾನದ ಮಾತು ನನಗೆ ಮೊದಲಿಂದಲೂ ಬಾರದು, ಬೈಯಲು ಬರುತ್ತದೆ ಅಷ್ಟೆ, ಬೈಯಲು ಯಾರೂ ಇರಲಿಲ್ಲ.

ಆಗ ಇವರು ಒಂದು ಹೊಸ ಚಟ ಹಚ್ಚಿಕೊಂಡರು. ಒಂದು ಒಳ್ಳೆಯ ಶಾಫ್ಟನ್ನು ಅರಿವೆಯಲ್ಲಿ ಸುತ್ತಿ ಇಟ್ಟುಕೊಂಡಿದ್ದರು. ಗುಳಿಗೆ ನುಂಗಿದ ಮೇಲೆ ಅದನ್ನು ತೆಗೆದು, ಮೊದಲು ರ‍್ಯಾಚೆಟ್ಟಿನಿಂದ ಅಳೆಯುವುದು, ಆಮೇಲೆ ಬರಿ ಬೆರಳ ಹದದಿಂದ ಅಳೆಯುವುದು. ಎರಡರ ನಡುವಿನ ಅಂತರ ಎಷ್ಟಿದೆಯೋ ಅಷ್ಟು ಬೆರಳು ಸತ್ತಿದೆ. ಅಂತರ ಕಡಿಮೆಯಾದರೆ ಜೀವ ಬರುತ್ತಿದೆ ಎಂದು ಲೆಕ್ಕ. ಶಾಫ್ಟು ಅಳೆಯಲು ಮಾಡಿದ ಉಪಕರಣದಿಂದ ತನ್ನ ಕೈಯನ್ನೇ ಅಳೆದುಕೊಳ್ಳುವ ಬುದ್ಧಿ ಇವರಿಗಲ್ಲದೆ ಇನ್ನಾರಿಗೆ ಬರಬೇಕು? ಎರಡು ಪಾಯಿಂಟ್. ಎರಡೂವರೆ. ಮತ್ತೆ ಎರಡು. ಕಡಿಮೆ ಬಂದ ದಿನ ಎರಡು ರೊಟ್ಟಿ ಹೆಚ್ಚು ತಿನ್ನುತ್ತಿದ್ದರು. ಹೆಚ್ಚು ಬಂದ ದಿನ ತಾಟಿನ ಮುಂದೆ ಸುಮ್ಮನೆ ಕೂರುತ್ತಿದ್ದರು. ಆ ಮೈಕ್ರೋಮೀಟರನ್ನು ಬಾವಿಗೆ ಎಸೆಯಬೇಕೆಂದು ಎಷ್ಟೋ ಸಲ ಕೈ ತುರಿಸಿತು.

ಅದೇ ಹೊತ್ತಿಗೆ ಅತ್ತೆ ಬಂದು ಇಪ್ಪತ್ತು ದಿನ ಉಳಿದರು. ಅವರಿಗೆ ಏನೂ ಹೇಳಿರಲಿಲ್ಲ. ಬಿಸಿಯದೇನಾದರೂ ಇದ್ದರೆ ಇವರ ಕೈಗೆ ಸಿಗದ ಹಾಗೆ ನಾನೇ ಓಡಿ ಹಿಡಿಯುತ್ತಿದ್ದೆ, ಸಾಣೆಯ ಅಲಗು ನಾನೇ ಸವರಿ ನೋಡುತ್ತಿದ್ದೆ. ಅತ್ತೆಗೆ ಅದು ಬೇರೆ ಥರ ಕಂಡಿತು.

"ಗಂಡಗ ಒಂದ ಚಹಾದ ವಾಟಗಾನೂ ಮುಟ್ಟಗೊಡಂಗಿಲ್ಲಲ್ಲ ನೀ," ಅಂದರು. "ಗಂಡಸೂರ ಕೆಲಸದಾಗೂ ನಿಂದ ದರಬಾರ ನಡದೈತಿ. ನನ್ನ ಮಗನ್ನ ಕೈಲಾಗದಾಂವನ್ನ ಮಾಡಿ ಕುಂಡ್ರಿಸೀದಿ."

ಇವರು ಲೇಥಿನ ಹತ್ತಿರದಿಂದ ನನ್ನನ್ನೇ ನೋಡುತ್ತಿದ್ದರು. "ಹೌದ್ರಿ ಅತ್ತಿ," ಅಂದು ಒಲೆಯ ಮುಂದೆ ಹೋಗಿ ಕುಳಿತೆ. ಹೊಗೆ ಇಲ್ಲದಿದ್ದರೂ ಕಣ್ಣೊರೆಸಿಕೊಂಡೆ.

ತಂಗಿಯ ಮದುವೆ ಆಯಿತು. ಗುಳಿಗೆ ವರ್ಷಗಟ್ಟಲೆ ನಡೆದೇ ಇತ್ತು. ಮಚ್ಚೆ ಮಾಸಿತು. ಒಂದು ದಿನ ಇವರು ಶೆಡ್ಡಿನಿಂದ ನನ್ನನ್ನು ಕರೆದರು, ಬಹಳ ವರ್ಷದ ಮೇಲೆ ಮೊದಲಿನ ದನಿಯಲ್ಲಿ.

"ನೋಡಿಲ್ಲೆ. ಅರ್ಧಾ ಪಾಯಿಂಟ್. ಬರೇ ಅರ್ಧಾ."

ನಾನು ಸೀರೆಗೆ ಕೈ ಒರೆಸಿಕೊಂಡು ಓಡಿದೆ. ನನ್ನ ಮುಂದೆ ಇನ್ನೊಮ್ಮೆ ಮಾಡಿ ತೋರಿಸಿದರು. ಮಾಡುವಾಗ ನಾನು ಬೆರಳು ನೋಡಲಿಲ್ಲ, ಇವರ ಕಣ್ಣು ನೋಡಿದೆ. ಕಣ್ಣು ಕೊಳವೆಯ ಗೆರೆಯನ್ನು ಬಿಟ್ಟು ಅಲುಗುತ್ತಿರಲಿಲ್ಲ. ಅಳತೆ ಇವರಿಗೆ ಬಾಯಿಪಾಠವಾಗಿತ್ತು. ಗೆರೆ ಹತ್ತಿರ ಬಂದ ಕೂಡಲೇ ಕೈ ನಿಂತುಬಿಡುತ್ತಿತ್ತು. ತಾನು ಹೀಗೆ ಮಾಡುತ್ತಿದ್ದೇನೆಂದು ಇವರಿಗೇ ಗೊತ್ತಿರಲಿಲ್ಲ. ಸುಮ್ಮನಿರಬೇಕಿತ್ತೋ ಏನೋ, ನನ್ನ ಬಾಯಿ ಕೇಳಬೇಕಲ್ಲ.

"ಕಣ್ಣ ಮುಚ್ಚಿ ಮಾಡ್ರಿ," ಅಂದೆ.

ಇವರು ಕಣ್ಣು ಮುಚ್ಚಲಿಲ್ಲ. ಮೈಕ್ರೋಮೀಟರನ್ನು ಪೆಟ್ಟಿಗೆಯಲ್ಲಿಟ್ಟು ಮುಚ್ಚಳ ಹಾಕಿದರು. "ದವಾಖಾನ್ಯಾಗ ನೋಡೂಣು," ಅಂದರು. "ಅಲ್ಲಿ ಕಣ್ಣ ಮುಚ್ಚೇ ನೋಡ್ತಾರ."

ಆ ಪರೀಕ್ಷೆಯ ದಿನ ಬರುವ ತನಕ ಇವರು ಬೇರೆಯೇ ಮನುಷ್ಯರಾಗಿದ್ದರು. ಹಾಡು ಗುನುಗುತ್ತಿದ್ದರು. ಕೈಗೆ ಕೊಬ್ಬರಿ ಎಣ್ಣೆ ಹಚ್ಚಿ ತಿಕ್ಕಿಕೊಳ್ಳುತ್ತಿದ್ದರು. ಹೋಗುವ ದಿನ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡರು. ಡಾಕ್ಟರು ಬೇರೆ ಊರಿಗೆ ಹೋಗಿದ್ದರು. ಒಬ್ಬ ಸಿಸ್ಟರ್ ಇದ್ದರು, ನನ್ನ ವಯಸ್ಸಿನವರು. ಇವರನ್ನು ಸ್ಟೂಲಿನ ಮೇಲೆ ಕೂರಿಸಿ, ಕೈ ಚಾಚಲು ಹೇಳಿ, ಕಣ್ಣು ಮುಚ್ಚಿಸಿದರು. ಹತ್ತಿ ತಾಗಿದಾಗಲೆಲ್ಲ ಹೂಂ ಅನ್ನಿ ಅಂದರು.

ಕಿರುಬೆರಳಿಗೆ ತಾಗಿಸಿದರು. "ಹೂಂ," ಅಂದರು ಇವರು. ಉಂಗುರದ ಬೆರಳಿಗೆ. "ಹೂಂ." ನಾನು ಇವರನ್ನು ಅನುಮಾನಿಸಿದ್ದೆನಲ್ಲ, ನನ್ನ ನಾಲಗೆಗೆ ಬರೆ ಹಾಕಬೇಕು ಅಂದುಕೊಂಡೆ. ನಡುಬೆರಳಿಗೆ. "ಹೂಂ." ಹೆಬ್ಬೆರಳಿಗೆ. "ಹೂಂ." ಸಂತೋಷದಿಂದ ಕಣ್ಣು ಮಂಜಾದವು, ಸೆರಗಿನಿಂದ ಒರೆಸಿಕೊಂಡೆ.

ಸಿಸ್ಟರ್ ಹತ್ತಿಯನ್ನು ಮೇಲಕ್ಕೆತ್ತಿ ಗಾಳಿಯಲ್ಲೇ ಹಿಡಿದು ನಿಂತರು.

"ಹೂಂ," ಅಂದರು ಇವರು.

ಅವರು ಹತ್ತಿಯನ್ನು ತಟ್ಟೆಯಲ್ಲಿಟ್ಟರು. ಎರಡೂ ಕೈ ಕಟ್ಟಿಕೊಂಡರು.

"ಹೂಂ," ಅಂದರು ಇವರು ಮತ್ತೆ.

ಸಿಸ್ಟರ್ ನನ್ನ ಕಡೆ ನೋಡಿದರು. ನಾನು ಇವರ ಮುಖ ನೋಡಿದೆ. ಕಣ್ಣು ಬಿಗಿಯಾಗಿ ಮುಚ್ಚಿದ್ದವು, ಒಂದಿಷ್ಟೂ ಮೋಸ ಇರಲಿಲ್ಲ. ತುಟಿಯ ಮೇಲೆ ನಗು ಇತ್ತು. ಚಾಚಿದ ಕೈ ಹಾಗೆಯೇ ಇತ್ತು, ಅದರ ಹತ್ತಿರ ಯಾರೂ ಇರಲಿಲ್ಲ.

"ಹೂಂ," ಅಂದರು. ಆಮೇಲೆ ಕಣ್ಣು ಮುಚ್ಚಿಕೊಂಡೇ ನಾನಿದ್ದ ಕಡೆ ಮುಖ ಮಾಡಿ, "ಕೇಳಿದಿಲ್ಲೋ? ಎಲ್ಲಾ ತಿಳ್ಯಾಕತ್ತೈತಿ," ಅಂದರು.

"ಹೌದ್ರಿ," ಅಂದೆ.